ಬೆಟ್ಟಕ್ಕೆ ಯಾರ ಹೆಸರು, ಬೀದಿಗೆ ಯಾರ ಹೆಸರು?



ವಾರ್ಷಿಕೋತ್ಸವದ ಮಲರಿಗೆ ಚರಿತ್ರೆಯ ಬಗ್ಗೆ ಏನಾದರೂ ಬರೆದುಕೊಡು ಅಂತ ಸಂಘದವರು ಹೇಳಿದರು. ಚರಿತ್ರೆ ಅಂದ ಕೂಡಲೇ ರಾಜ, ಯುದ್ಧ, ಇಸವಿ ಅಂತ ಓದದೆ ಪುಟ ತಿರುಗಿಸಬೇಡಿ. ಇಲ್ಲಿ ನಾನು ಬರೆಯೋದು ಹೆಸರುಗಳ ಚರಿತ್ರೆ. ಒಂದು ಊರಿಗೆ, ಒಂದು ಬೀದಿಗೆ, ಒಂದು ಶಾಲೆಗೆ ಹೆಸರು ಹೇಗೆ ಬರುತ್ತದೆ? ಯಾರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ, ಯಾರದ್ದು ಮಣ್ಣಿಗೆ ಹೋಗುತ್ತದೆ? ಈ ಪ್ರಶ್ನೆ ನಮಗೆ ಈಗ ಯಾಕೆ ಬೇಕು ಅನ್ನೋದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಊಟಿಗೆ ಹೋಗಿ ಬರೋಣ.

ಊಟಿ ನಮಗೆ ದೂರದ ಊರಲ್ಲ. ಕಾಂಗೇಯಂ, ಪಲ್ಲಡಂ, ಕೊಯಮತ್ತೂರು, ಮೇಟ್ಟುಪಾಳೆಯಂ ದಾಟಿದರೆ ಬೆಟ್ಟ ಶುರು. ಶಾಲೆಯ ಟೂರಿಗೆ, ಮದುವೆಯಾದ ಹೊಸತರಲ್ಲಿ ಹೋಗಿ ಬಂದವರು ನಮ್ಮ ಬೀದಿಯಲ್ಲೂ ಬೇಕಾದಷ್ಟು ಜನ ಇದ್ದಾರೆ. ಬೋಟಿನಲ್ಲಿ ಕೂತು ಫೋಟೋ ತೆಗೆಸಿಕೊಂಡಿದ್ದೀರಿ, ಹೂವಿನ ತೋಟ ನೋಡಿದ್ದೀರಿ. ಆದರೆ ಅಲ್ಲಿನ ಬೋರ್ಡುಗಳನ್ನು ಓದಿದ್ದೀರಾ? ಮುಂದಿನ ಸಲ ಹೋದಾಗ ಎರಡು ಹೆಸರು ಹುಡುಕಿ ನೋಡಿ. ಒಂದು ಸಲಿವನ್, ಇನ್ನೊಂದು ಬ್ರೀಕ್ಸ್.

ನಮ್ಮ ಕಲೆಕ್ಟರ್ ಸಲಿವನ್

ಸಲಿವನ್ ನಮಗೂ ಸಂಬಂಧಪಟ್ಟವನೇ. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಈ ಕೊಂಗುನಾಡು ಮೈಸೂರಿನ ಕೈತಪ್ಪಿ ಇಂಗ್ಲಿಷ್ ಕಂಪನಿಯ ಕೈಗೆ ಬಂತು. ಕೊಯಮತ್ತೂರು ಒಂದು ದೊಡ್ಡ ಜಿಲ್ಲೆಯಾಯಿತು. ನಮ್ಮ ವೆಳ್ಳಕೋಯಿಲ್ ಸೀಮೆಯೂ ಅದರೊಳಗೇ ಇತ್ತು. ಆಮೇಲೆ 1979ರಲ್ಲಿ ಪೆರಿಯಾರ್ ಜಿಲ್ಲೆ ಅಂದರು, ಅದೇ ಮುಂದೆ ಈರೋಡು ಜಿಲ್ಲೆ ಆಯಿತು, 2009ರಿಂದ ನಾವು ತಿರುಪ್ಪೂರು ಜಿಲ್ಲೆ. ನಮ್ಮ ಬೀದಿಯ ವಯಸ್ಸಾದ ಅಜ್ಜಿಯೊಬ್ಬರು ಇದ್ದ ಮನೆಯಲ್ಲೇ ಇದ್ದುಕೊಂಡು ಮೂರು ಜಿಲ್ಲೆ ಕಂಡಿದ್ದಾರೆ! ಹೆಸರು ಬದಲಾಯಿಸೋದು ಸರ್ಕಾರಕ್ಕೆ ಎಷ್ಟು ಸುಲಭ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಜಾನ್ ಸಲಿವನ್ 1815ರಿಂದ 1830ರವರೆಗೆ ಈ ಕೊಯಮತ್ತೂರು ಜಿಲ್ಲೆಯ ಕಲೆಕ್ಟರ್ ಆಗಿದ್ದ. 1819ರ ಜನವರಿಯಲ್ಲಿ ನೀಲಗಿರಿ ಬೆಟ್ಟ ಹತ್ತಿದ. ಕೋಟಗಿರಿ ಹತ್ತಿರದ ದಿಂಬಹಟ್ಟಿಯಲ್ಲಿ ಬೀಡು ಬಿಟ್ಟ, ಅಲ್ಲೇ ಪಕ್ಕದ ಕನ್ನೇರಿಮುಕ್ಕಿನಲ್ಲಿ ಬಂಗಲೆ ಕಟ್ಟಿದ. ಆಮೇಲೆ ಊಟಿಗೆ ಹೋಗಿ ಕಲ್ಲಿನ ಮನೆ ಕಟ್ಟಿದ. ಆ 'ಸ್ಟೋನ್ ಹೌಸ್' ಇರುವ ಜಾಗದಲ್ಲೇ ಈಗ ಸರ್ಕಾರಿ ಕಲಾ ಕಾಲೇಜು ನಡೆಯುತ್ತಿದೆ. ನಾವು ಬೋಟಿನಲ್ಲಿ ಸುತ್ತುವ ಕೆರೆಯೂ ಅವನೇ 1823ರಿಂದ 1825ರ ಹೊತ್ತಿಗೆ ಕಟ್ಟಿಸಿದ್ದು. ಊಟಿಯ ಜಮೀನನ್ನು ತೋಡರಿಂದ ಎಕರೆಗೆ ಒಂದು ರೂಪಾಯಿಯಂತೆ ಕೊಂಡ ಅಂತ ಹೇಳುತ್ತಾರೆ.

ಇವತ್ತು ಕನ್ನೇರಿಮುಕ್ಕಿನ ಬಂಗಲೆ ಸಲಿವನ್ ಸ್ಮಾರಕ. ಕೊಯಮತ್ತೂರು ಪೇಟೆಯೊಳಗೆ ಸಲಿವನ್ ಬೀದಿ ಇದೆ. 2022ರಲ್ಲಿ ಊಟಿಗೆ ಇನ್ನೂರು ವರ್ಷ ತುಂಬಿತು ಅಂತ ಹಬ್ಬ ಮಾಡಿದಾಗ ಅವನ ಪ್ರತಿಮೆಯನ್ನೂ ಇಟ್ಟರು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಬಂದ ಬಿಳಿಯರೆಲ್ಲ ಒಂದೇ ಅಚ್ಚಿನವರಲ್ಲ. ಬೆಟ್ಟದ ಹುಲ್ಲುಗಾವಲು ತೋಡರದ್ದು, ಅವರ ಹಕ್ಕನ್ನು ಸರ್ಕಾರ ಒಪ್ಪಬೇಕು ಅಂತ ಸಲಿವನ್ ತನ್ನ ಮೇಲಿನ ಅಧಿಕಾರಿಗಳ ಜೊತೆಗೇ ವಾದ ಮಾಡಿದವನು. ಅದನ್ನು ಮರೆಯೋದು ಬೇಡ. ಆದರೆ ಪುಸ್ತಕಗಳಲ್ಲಿ 'ನೀಲಗಿರಿಯನ್ನು ಕಂಡುಹಿಡಿದವನು ಸಲಿವನ್' ಅಂತ ಬರೆದಿರುತ್ತಾರಲ್ಲ, ಅಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. 1818ರಲ್ಲೇ ಅವನ ಕೈಕೆಳಗಿನ ವಿಶ್, ಕಿಂಡರ್ಸ್ಲಿ ಎಂಬ ಇಬ್ಬರು ಹತ್ತಿ ಬಂದಿದ್ದರು. 1812ರಲ್ಲಿ ಕೀಸ್, ಮ್ಯಾಕ್‌ಮೋಹನ್ ಎಂಬ ಸರ್ವೆಯವರು ಹೋಗಿದ್ದರು. 1603ರಲ್ಲೇ ಫೆನಿಸಿಯೋ ಎಂಬ ಪಾದ್ರಿ ಕೇರಳದ ಕಡೆಯಿಂದ ಹೋಗಿ ತೋಡರನ್ನು ಕಂಡು ಬಂದಿದ್ದ. ಹೋಗಲಿ, ಇವರೆಲ್ಲ ಹೋದಾಗ ಬೆಟ್ಟ ಖಾಲಿ ಇತ್ತಾ? ತೋಡರು ಎಮ್ಮೆ ಮೇಯಿಸುತ್ತಿದ್ದರು, ಬಡಗರು ಹೊಲ ಉಳುತ್ತಿದ್ದರು, ಕೋತರು ಕಬ್ಬಿಣ ಬಡಿಯುತ್ತಿದ್ದರು, ಕುರುಂಬರೂ ಇರುಳರೂ ಕಾಡಿನಲ್ಲಿದ್ದರು. ಜನ ಬದುಕುತ್ತಿದ್ದ ಜಾಗವನ್ನು ಹೊರಗಿನವನು ಬಂದು 'ಕಂಡುಹಿಡಿಯೋದು' ಹೇಗೆ?

ಬ್ರೀಕ್ಸ್ ಶಾಲೆಯ ಕಥೆ

ಈಗ ಎರಡನೇ ಹೆಸರಿಗೆ ಬರೋಣ. ಊಟಿಯಲ್ಲಿ ಬ್ರೀಕ್ಸ್ ಸ್ಮಾರಕ ಶಾಲೆ ಅಂತ ಹಳೆಯ ಶಾಲೆಯೊಂದಿದೆ. ಯಾರು ಈ ಬ್ರೀಕ್ಸ್?

ಮೊದಲು ನೀಲಗಿರಿಗೆ ಸ್ವಂತ ಜಿಲ್ಲಾ ಆಡಳಿತ ಇರಲಿಲ್ಲ. 1868ರಲ್ಲಿ ಅದನ್ನು ಕೊಯಮತ್ತೂರಿನಿಂದ ಬೇರೆ ಮಾಡಿ ಒಬ್ಬ ಕಮಿಷನರನ್ನು ನೇಮಿಸಿದರು. ಆ ಮೊದಲ ಕಮಿಷನರ್ ಜೇಮ್ಸ್ ವಿಲ್ಕಿನ್ಸನ್ ಬ್ರೀಕ್ಸ್. ಮದ್ರಾಸಿನ ಗವರ್ನರ್ ಆಗಿದ್ದ ವಿಲಿಯಂ ಡೆನಿಸನ್ನನ ಖಾಸಗಿ ಕಾರ್ಯದರ್ಶಿಯಾಗಿದ್ದು, ಅವನ ಮಗಳು ಸೂಸನ್ ಮರಿಯಾಳನ್ನೇ ಮದುವೆಯಾದವನು.

1871ರಲ್ಲಿ ಕಲ್ಕತ್ತಾದ ಇಂಡಿಯನ್ ಮ್ಯೂಸಿಯಂನವರು ಬ್ರೀಕ್ಸ್‌ನಿಗೆ ಒಂದು ಕೆಲಸ ವಹಿಸಿದರು. ನೀಲಗಿರಿಯ ಮೂಲ ಜನರ ಆಯುಧ, ಒಡವೆ, ಬಟ್ಟೆ, ಪಾತ್ರೆ ಎಲ್ಲವನ್ನೂ ಸಂಗ್ರಹ ಮಾಡಿ ಕಳಿಸು ಅಂತ. ಅವನು ಆ ಕೆಲಸಕ್ಕೆ ಮನಸ್ಸು ಕೊಟ್ಟ. ತೋಡ, ಕೋತ, ಕುರುಂಬ, ಇರುಳ ಜನರ ಬದುಕಿನ ವಿವರ ಬರೆದುಕೊಂಡ. ಬೆಟ್ಟದ ತುದಿಗಳಲ್ಲಿ ಕಲ್ಲು ಪೇರಿಸಿದ ಹಳೆಯ ಸಮಾಧಿಗಳನ್ನು ಅಗೆಸಿದ. ಅದರೊಳಗೆ ಚಿನ್ನದ ಒಡವೆ, ಕಂಚಿನ ಬಟ್ಟಲು, ಕಬ್ಬಿಣದ ಆಯುಧ, ಮುಚ್ಚಳದ ಮೇಲೆ ಎಮ್ಮೆಯ ಗೊಂಬೆ ಇರುವ ಮಣ್ಣಿನ ಪಾತ್ರೆ ಸಿಕ್ಕಿದವು. ಅವುಗಳಲ್ಲಿ ಕೆಲವು ಇವತ್ತು ಚೆನ್ನೈ ಎಗ್ಮೂರಿನ ಮ್ಯೂಸಿಯಂನಲ್ಲಿವೆ, ಕೆಲವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

1872ರ ಜೂನಿನಲ್ಲಿ, ಇನ್ನೂ 42ನೇ ವಯಸ್ಸಿನಲ್ಲಿ, ಬ್ರೀಕ್ಸ್ ತೀರಿಕೊಂಡ. ಪುಸ್ತಕ ಅಚ್ಚಾಗಿರಲಿಲ್ಲ. ಹೆಂಡತಿ ಸೂಸನ್ ಅವನ ಬರಹಗಳನ್ನೆಲ್ಲ ಜೋಡಿಸಿ 1873ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಹೊರತಂದಳು. ನೀಲಗಿರಿಯ ಜನಾಂಗಗಳ ಬಗ್ಗೆ, ಹಳೆಯ ಸಮಾಧಿಗಳ ಬಗ್ಗೆ ಫೋಟೋ ಸಮೇತ ಬಂದ ಮೊದಮೊದಲ ಪುಸ್ತಕಗಳಲ್ಲಿ ಅದೊಂದು. ಈಗಲೂ ಸಂಶೋಧನೆ ಮಾಡುವವರು ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಬ್ರೀಕ್ಸ್‌ನ ನೆನಪಿಗೆ ಏನು ಮಾಡಬೇಕು ಅಂತ ಊಟಿಯ ಬಿಳಿಯರು ಸೇರಿದರು, ಚಂದಾ ಎತ್ತಿದರು, ಶಾಲೆ ಕಟ್ಟಿದರು. 1874ರಲ್ಲಿ ಶುರುವಾದ ಆ ಶಾಲೆ ಬಡ ಯುರೋಪಿಯನ್ ಮಕ್ಕಳಿಗೂ ಯುರೇಷಿಯನ್ ಮಕ್ಕಳಿಗೂ ಅಂತ ಆಗಿದ್ದು. ಈಗ ಎಲ್ಲ ಮಕ್ಕಳೂ ಓದುತ್ತಾರೆ, ಅದು ಬೇರೆ ಮಾತು. ಆದರೆ ಶುರುವಿನಲ್ಲಿ ಹೇಗಿತ್ತು ನೋಡಿ. ತೋಡರ, ಕೋತರ, ಕುರುಂಬರ, ಇರುಳರ ಬಗ್ಗೆ ಪುಸ್ತಕ ಬರೆದವನ ಹೆಸರಿನ ಶಾಲೆ, ಆದರೆ ತೋಡರ, ಕೋತರ, ಕುರುಂಬರ, ಇರುಳರ ಮಕ್ಕಳಿಗೆ ಅಂತ ಕಟ್ಟಿದ್ದಲ್ಲ. ಪುಸ್ತಕವನ್ನು ಮುಗಿಸಿ ಕೊಟ್ಟ ಸೂಸನ್ನಳ ಹೆಸರೂ ಶಾಲೆಗೆ ಬರಲಿಲ್ಲ. ಹೆಂಗಸರ ಕೆಲಸಕ್ಕೆ ಗಂಡಸರ ಹೆಸರು ಬೀಳೋದು ನಮ್ಮ ಮನೆಗಳಲ್ಲಿ ಮಾತ್ರ ಅಂದುಕೊಂಡಿದ್ದೀರಾ? ಕಮಿಷನರ್ ಬಂಗಲೆಯಲ್ಲೂ ಅದೇ ಕಥೆ.

ಇಲ್ಲಿ ನಾವು ಒಂದು ಪಾಠ ಕಲಿಯಬಹುದು. ಹೆಸರು ತಾನಾಗಿ ಉಳಿಯೋದಿಲ್ಲ. ಅದಕ್ಕೆ ಮೂರು ಬೇಕು: ಬರೆದಿಟ್ಟ ಪುಸ್ತಕ, ಚಂದಾ ಎತ್ತುವ ಒಂದು ಕೂಟ, ನಿಲ್ಲಿಸಿದ ಒಂದು ಕಟ್ಟಡ. ಬ್ರೀಕ್ಸ್‌ನಿಗೆ ಈ ಮೂರೂ ಇದ್ದವು. ಹಾಗಾಗಿ ನಾಲ್ಕು ವರ್ಷ ಕಮಿಷನರ್ ಆಗಿದ್ದವನ ಹೆಸರು ನೂರೈವತ್ತು ವರ್ಷ ಆದರೂ ಗೇಟಿನ ಮೇಲಿದೆ.

ಬೋರ್ಡಿನಲ್ಲಿ ಇಲ್ಲದವರು

ಹಾಗಾದರೆ ಬೋರ್ಡಿನಲ್ಲಿ ಇಲ್ಲದವರು ಯಾರು?

ಮೊದಲನೆಯದಾಗಿ ದಾರಿ ಕಡಿದವರು. 1830ರ ನಂತರ ಕೂನೂರು ಘಾಟಿಯ ದಾರಿ ಮಾಡಿದ್ದು ಮದ್ರಾಸ್ ಪಯೋನಿಯರ್ ಪಡೆ. ಇದರ ವಂಶವೇ ಈಗ ಬೆಂಗಳೂರಿನಲ್ಲಿರುವ ಮದ್ರಾಸ್ ಸ್ಯಾಪರ್ಸ್. ಕಲ್ಲು ಒಡೆಯೋದು, ಸೇತುವೆ ಕಟ್ಟೋದು, ಮದ್ದುಗುಂಡು ಹೊರೋದು ಇವರ ಕೆಲಸ. ಬೇರೆ ಪಡೆಗಳು ಮುಟ್ಟಲು ಹಿಂಜರಿಯುತ್ತಿದ್ದ ಪರೈಯರ್ ಯುವಕರು ಈ ಪಡೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ಸೇರಿದ್ದರು. ದಾರಿ ಮಾಡಿಸಿದ ಲೆಫ್ಟಿನೆಂಟನ ಹೆಸರು ಗ್ಯಾಸೆಟಿಯರ್‌ನಲ್ಲಿದೆ. ಹಾರೆ ಹಿಡಿದವರ ಹೆಸರು ಇಲ್ಲ.

ಎರಡನೆಯದಾಗಿ, ಪುಸ್ತಕದೊಳಗೆ ಇರುವ ಜನ. ಕೋತರ ಬಗ್ಗೆ ನಾನು ಓದುತ್ತಾ ಹೋದಾಗ ನಮ್ಮದೇ ಬೀದಿಯ ಕಥೆ ಓದಿದ ಹಾಗೆ ಆಯಿತು. ಕೋತರು ಕಮ್ಮಾರ ಕೆಲಸ ಮಾಡುತ್ತಿದ್ದರು, ಮಡಕೆ ಮಾಡುತ್ತಿದ್ದರು, ಚರ್ಮ ಹದ ಮಾಡುತ್ತಿದ್ದರು. ಬಡಗರ ಮನೆಯಲ್ಲಿ ಸಾವಾದರೆ ಕೋತರು ಹೋಗಿ ವಾದ್ಯ ನುಡಿಸಬೇಕು. ಅವರ ಕಬ್ಬಿಣದ ಕುಡುಗೋಲಿಲ್ಲದೆ ಬೆಟ್ಟದಲ್ಲಿ ಬೆಳೆ ಕೊಯ್ಯೋಕಾಗದು, ಅವರ ವಾದ್ಯ ಇಲ್ಲದೆ ಸಾವು ಸಾಗದು. ಆದರೂ ಸತ್ತ ದನದ ಮಾಂಸ ತಿನ್ನುತ್ತಾರೆ ಅಂತ ಅವರನ್ನು ಕೀಳಾಗಿ ಕಂಡರು. ಕೆಲಸ ಬೇಕು, ಕೈ ಬೇಡ. ಈ ಲೆಕ್ಕ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ?

ಆದರೆ ಕೋತರಲ್ಲಿ ಒಬ್ಬರ ಹೆಸರು ಉಳಿಯಿತು. ಅವರ ಹೆಸರು ಸುಲ್ಲಿ. ಸಲಿವನ್ ಅಲ್ಲ, ಸುಲ್ಲಿ! ಕೋತರಲ್ಲಿ ಮೊದಲು ಹೈಸ್ಕೂಲು ಓದಿದವರು, ಮೇಷ್ಟ್ರಾಗಿದ್ದವರು. 1930ರ ದಶಕದಲ್ಲಿ ಎಮೆನೋ ಎಂಬ ಭಾಷಾ ವಿದ್ವಾಂಸ ಬಂದು ಕೋತರ ಭಾಷೆಯನ್ನು ಕಲಿತದ್ದು ಇವರಿಂದ. ಇವರು ಹೇಳಿದ ಕಥೆಗಳೇ 1940ರ ದಶಕದಲ್ಲಿ ಅಮೆರಿಕದಲ್ಲಿ ಅಚ್ಚಾಗಿ ದಪ್ಪ ಪುಸ್ತಕವಾದವು. ಸುಲ್ಲಿ ಬರೀ ಕಥೆ ಹೇಳಿ ಸುಮ್ಮನಾಗಲಿಲ್ಲ. ತಮ್ಮ ಜನಕ್ಕೆ ಸತ್ತ ದನದ ಮಾಂಸ ಬಿಡೋಣ, ಇನ್ನೊಬ್ಬರ ಸಾವಿಗೆ ವಾದ್ಯ ನುಡಿಸೋದು ಬಿಡೋಣ ಅಂದರು. ತಮ್ಮವರಿಂದಲೇ ಬೈಗುಳ ತಿಂದರು, ಆದರೂ ಬಿಡಲಿಲ್ಲ. ಅವರ ಹೆಸರಿನಲ್ಲಿ ಊಟಿಯಲ್ಲಿ ದೊಡ್ಡ ಕಟ್ಟಡ ಇಲ್ಲದಿರಬಹುದು. ಆದರೆ ಬರಹದಲ್ಲಿ ಅವರ ಹೆಸರಿರೋದರಿಂದ ಇವತ್ತು ವೆಳ್ಳಕೋಯಿಲಿನಲ್ಲಿ ಕೂತು ನೀವು ಅವರ ಬಗ್ಗೆ ಓದುತ್ತಿದ್ದೀರಿ.

ಬಾಯಿಯಲ್ಲಿ ಉಳಿದ ಹೆಸರು

ಬೋರ್ಡು ಇಲ್ಲದೆಯೂ ಉಳಿದ ಹೆಸರುಗಳಿವೆ. ಅದು ಇನ್ನೊಂದು ದಾರಿ, ಬಾಯಿಯ ದಾರಿ.

ನೀಲಗಿರಿಯಲ್ಲಿ ಎಲ್ಲಕ್ಕಿಂತ ಎತ್ತರದ ಶಿಖರ 2,637 ಮೀಟರ್. ಗವರ್ನರುಗಳು, ಜನರಲ್‌ಗಳು ಎಷ್ಟೋ ಜನ ಬಂದು ಹೋದರು. ವೆಲಿಂಗ್ಟನ್ ಅಂತ ಊರಿಗೆ ಹೆಸರಿಟ್ಟರು, ವೆನ್‌ಲಾಕ್ ಅಂತ ಹುಲ್ಲುಗಾವಲಿಗೆ ಹೆಸರಿಟ್ಟರು. ಆದರೆ ಆ ಶಿಖರದ ಹೆಸರು ಇವತ್ತಿಗೂ ದೊಡ್ಡಬೆಟ್ಟ. ನಮ್ಮ ಮನೆಮಾತಿನ ಎರಡು ಸಾದಾ ಪದ. ಬಡಗು ಅಂದರೆ ಉತ್ತರ ದಿಕ್ಕು. ಉತ್ತರದ ಮೈಸೂರು ಸೀಮೆಯಿಂದ ಹೋದವರು ಬಡಗರು. ಅವರ ಮಾತು ಕನ್ನಡಕ್ಕೆ ಹತ್ತಿರ. ಅವರ ಬಾಯಲ್ಲಿದ್ದ ಹೆಸರನ್ನು ಯಾರಿಂದಲೂ ಅಳಿಸೋಕಾಗಲಿಲ್ಲ.

ಊಟಿಯ ಹಳೆಯ ಹೆಸರು ಒಟ್ಟಕಮಂಡ್. ಕೊನೆಯಲ್ಲಿರುವ 'ಮಂಡ್' ಅಂದರೆ ತೋಡರ ಹಟ್ಟಿ. ಇಂಗ್ಲಿಷರು ಅದನ್ನು ತಮ್ಮ ನಾಲಿಗೆಗೆ ತಕ್ಕಂತೆ ತಿರುಚಿದರು, ಕೊನೆಗೆ ಊಟಿ ಅಂತ ಮೊಟಕು ಮಾಡಿದರು. ಸರ್ಕಾರ ಈಗ ಉದಗಮಂಡಲಂ ಅನ್ನುತ್ತದೆ. ಇಷ್ಟಾದರೂ ಒಳಗೆ ಆ 'ಮಂಡ್' ಕೂತೇ ಇದೆ.

ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಕೋಟಗಿರಿ. ಕೇಳಿದರೆ ಕೋಟೆ ಇರುವ ಗಿರಿ ಅನ್ನಿಸುತ್ತದೆ. ಆದರೆ ಅದರ ಮೂಲ 'ಕೋತರ ಕೇರಿ' ಅಂತ ಹಳೆಯ ಗ್ಯಾಸೆಟಿಯರಿನಲ್ಲೇ ಬರೆದಿದ್ದಾರೆ. ಕೇರಿ! ನಮ್ಮ ಭಾಷೆಯಲ್ಲಿ ನಮ್ಮ ಜನ ಇರುವ ಜಾಗಕ್ಕೆ ಹೇಳುವ ಪದ. ಕರ್ನಾಟಕದಲ್ಲಿ ಹೊಲಗೇರಿ, ಮಾದಿಗರ ಕೇರಿ ಅಂತ ಊರಾಚೆಗೆ ತೋರಿಸಿದ ಅದೇ ಪದ. ಊರಿನವರು ಕೀಳು ಅಂದ ಜನರ ಕೇರಿಯ ಹೆಸರೇ ಒಂದು ದೊಡ್ಡ ಊರಿನ ಹೆಸರಾಗಿ ನಿಂತಿದೆ. ಅಲ್ಲಿ ಟೀ ತೋಟ ಮಾಡಿದ ದೊರೆಗಳೂ ಕಾಗದದ ಮೇಲೆ ವಿಳಾಸ ಬರೆಯುವಾಗ 'ಕೇರಿ' ಅಂತ ಗೊತ್ತಿಲ್ಲದೇ ಬರೆದರು.

ಅದೇ ಊಟಿಯಲ್ಲಿ ನಮ್ಮವರು

ಬ್ರೀಕ್ಸ್ ಶಾಲೆಗೆ ಅಡಿಗಲ್ಲು ಬಿದ್ದ ಅದೇ 1870ರ ದಶಕದಲ್ಲಿ ಅದೇ ಬೆಟ್ಟದ ಮೇಲೆ ಒಬ್ಬ ಯುವಕ ಸಂಘ ಕಟ್ಟುತ್ತಿದ್ದ. ಹುಟ್ಟು ಹೆಸರು ಕಾತವರಾಯನ್. ತನಗೆ ಪಾಠ ಹೇಳಿದ ಗುರುವಿನ ಹೆಸರನ್ನೇ ತನಗಿಟ್ಟುಕೊಂಡ. ಹೌದು, ಅಯೋತ್ತಿದಾಸ ಪಂಡಿತರು. ಸಿದ್ಧ ವೈದ್ಯರು, ತಮಿಳು ವಿದ್ವಾಂಸರು, ಬೌದ್ಧ ಧರ್ಮವನ್ನು ನಮ್ಮ ಜನಕ್ಕೆ ಮತ್ತೆ ತಂದುಕೊಟ್ಟವರು. ಅವರ ಎಳೆಯ ವಯಸ್ಸಿನ ಬಹುಕಾಲ ನೀಲಗಿರಿಯಲ್ಲೇ ಕಳೆಯಿತು. ಅಲ್ಲೇ ಅದ್ವೈದಾನಂದ ಸಭೆ ಅಂತ ಮೊದಲ ಸಂಘ ಮಾಡಿದರು. ಯುವಕರ ಸಂಘದ ಸಂಚಿಕೆಯಲ್ಲಿ ಇದನ್ನು ಓದುತ್ತಿರುವ ನೀವು ಇದನ್ನು ನೆನಪಿಡಬೇಕು: ಮೊದಲು ಸಂಘ, ಆಮೇಲೆ ಎಲ್ಲ.

1891ರ ಡಿಸೆಂಬರ್ 1ರಂದು ಊಟಿಯಲ್ಲಿ ದ್ರಾವಿಡ ಮಹಾಜನ ಸಭೆಯ ಸಮ್ಮೇಳನ ನಡೆಯಿತು. ಹತ್ತು ನಿರ್ಣಯ ಮಾಡಿದರು. ನಮ್ಮ ಮಕ್ಕಳಿಗೆ ಶಾಲೆ ಬೇಕು, ಓದಿದವರಿಗೆ ಸರ್ಕಾರಿ ಕೆಲಸ ಬೇಕು, ಸಾರ್ವಜನಿಕ ಬಾವಿ ಕೆರೆಯ ನೀರು ಮುಟ್ಟಲು ತಡೆ ಇರಬಾರದು. ಅದರಲ್ಲಿ ಇನ್ನೊಂದು ಮುಖ್ಯ ಬೇಡಿಕೆ ಹೆಸರಿನದ್ದು: ಪರೈಯನ್ ಅಂತ ಹೀಯಾಳಿಸಿ ಕರೆಯೋದನ್ನು ನಿಲ್ಲಿಸಬೇಕು. ಅಂದರೆ ನೀರು, ಶಾಲೆ, ಕೆಲಸದ ಸಾಲಿನಲ್ಲೇ ಹೆಸರನ್ನೂ ಇಟ್ಟರು. ಬ್ರೀಕ್ಸ್‌ನ ಹೆಸರಿಗೆ ಶಾಲೆ ಸಿಕ್ಕಿ ಆಗ ಹದಿನೇಳು ವರ್ಷ ಆಗಿತ್ತು. ಇವರು ಇನ್ನೂ ಶಾಲೆಗಾಗಿ, ಹೆಸರಿಗಾಗಿ ಅರ್ಜಿ ಬರೆಯುತ್ತಿದ್ದರು.

ಪಂಡಿತರ ಭಾವಮೈದುನ ರೆಟ್ಟಮಲೈ ಶ್ರೀನಿವಾಸನ್. ಕೊಯಮತ್ತೂರಿನಲ್ಲಿ ಓದಿದವರು, ನೀಲಗಿರಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡಿದವರು, ಮುಂದೆ ಅಂಬೇಡ್ಕರ್ ಜೊತೆ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದವರು. ಈ ಇಬ್ಬರಿಗೂ ಹೆಸರಿನ ವಿಷಯದಲ್ಲಿ ಒಂದೇ ಅಭಿಪ್ರಾಯ ಇರಲಿಲ್ಲ. ಪಂಡಿತರು ಬೇರೆಯವರು ಹೊರಿಸಿದ ಜಾತಿ ಹೆಸರು ಬೇಡ, ನಾವು ಜಾತಿಯಿಲ್ಲದ ದ್ರಾವಿಡರು, ಜನಗಣತಿಯಲ್ಲಿ ಹಾಗೇ ಬರೆಸೋಣ ಅಂದರು. 1907ರಲ್ಲಿ ಶುರು ಮಾಡಿದ ಪತ್ರಿಕೆಗೆ 'ಒರು ಪೈಸಾ ತಮಿಳನ್' ಅಂತ ಹೆಸರಿಟ್ಟರು. ಆ ಪತ್ರಿಕೆ, ಅವರ ಬೌದ್ಧ ಸಂಘ ಎರಡೂ ಕೋಲಾರದ ಚಿನ್ನದ ಗಣಿಯ ಕಾರ್ಮಿಕರವರೆಗೆ ಹೋದವು. ಶ್ರೀನಿವಾಸನ್ 1893ರಲ್ಲೇ ಪತ್ರಿಕೆ ಶುರು ಮಾಡಿ ಅದಕ್ಕೆ 'ಪರೈಯನ್' ಅಂತಲೇ ಹೆಸರು ಕೊಟ್ಟರು. ಯಾವ ಹೆಸರು ಹೇಳಿ ನಮ್ಮನ್ನು ತಲೆ ತಗ್ಗಿಸುವಂತೆ ಮಾಡುತ್ತೀರೋ ಅದನ್ನೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ ನಿಮ್ಮ ಮುಂದೆ ಇಡುತ್ತೇವೆ ಅನ್ನೋ ಧೈರ್ಯ ಅದು. ದಾರಿ ಎರಡು. ಆದರೆ ಇಬ್ಬರೂ ಹೇಳಿದ್ದು ಒಂದೇ ಮಾತು: ನಮ್ಮ ಹೆಸರನ್ನು ನಾವೇ ತೀರ್ಮಾನ ಮಾಡುತ್ತೇವೆ.

ಇನ್ನೊಂದು ಸಣ್ಣ ಸಂಗತಿ. ಪಂಡಿತರ ತಾತ ಕಂದಪ್ಪನ್, ಹ್ಯಾರಿಂಗ್ಟನ್ ಎಂಬ ಇಂಗ್ಲಿಷ್ ಅಧಿಕಾರಿಯ ಮನೆಯಲ್ಲಿ ಬಟ್ಲರ್ ಆಗಿದ್ದವರು. ಮನೆಯಲ್ಲಿ ಕಾಪಾಡಿಕೊಂಡು ಬಂದಿದ್ದ ತಿರುಕ್ಕುರಳ್ ಓಲೆಗರಿಯನ್ನು ಅವರು ಆ ಅಧಿಕಾರಿಯ ಮೂಲಕ ಎಲ್ಲಿಸ್ ದೊರೆಗೆ ತಲುಪಿಸಿದರು ಅಂತ ಪಂಡಿತರು ಬರೆದಿದ್ದಾರೆ. ಎಲ್ಲಿಸ್ ಅಂದರೆ ಮದ್ರಾಸಿನಲ್ಲಿ ಕಾಲೇಜು ಕಟ್ಟಿದ, ತಮಿಳು, ತೆಲುಗು, ಕನ್ನಡ ಒಂದೇ ಕುಟುಂಬದ ಭಾಷೆಗಳು ಅಂತ 1816ರಲ್ಲೇ ತೋರಿಸಿಕೊಟ್ಟ ವಿದ್ವಾಂಸ. ಎಲ್ಲಿಸ್ ಹೆಸರು ಎಲ್ಲ ಪುಸ್ತಕದಲ್ಲೂ ಇದೆ. ಕಂದಪ್ಪನ್ ಹೆಸರು ಇರೋದು ಮೊಮ್ಮಗ ಬರೆದಿಟ್ಟದ್ದರಿಂದ ಮಾತ್ರ. ಮೊಮ್ಮಗ ಬರೆಯದಿದ್ದರೆ 'ಒಬ್ಬ ಬಟ್ಲರ್' ಅಷ್ಟೇ.

ಈಗ ಪಂಡಿತರಿಗೂ ಮನ್ನಣೆ ಸಿಕ್ಕಿದೆ. ಅಂಚೆ ಚೀಟಿ ಬಂದಿದೆ. ಚೆನ್ನೈ ತಾಂಬರಂನ ರಾಷ್ಟ್ರೀಯ ಸಿದ್ಧ ಸಂಸ್ಥೆಯ ಆಸ್ಪತ್ರೆಗೆ ಅವರ ಹೆಸರಿದೆ. 2023ರ ಡಿಸೆಂಬರ್ 1ರಂದು ಗಿಂಡಿಯಲ್ಲಿ ಮಣಿಮಂಟಪ ತೆರೆದರು. ಬ್ರೀಕ್ಸ್‌ನಿಗೆ ಸತ್ತ ಎರಡೇ ವರ್ಷಕ್ಕೆ ಸಿಕ್ಕಿದ್ದು ಪಂಡಿತರಿಗೆ ಸಿಗಲು ಸುಮಾರು ನೂರು ವರ್ಷ ಹಿಡಿಯಿತು.

ನಮ್ಮನ್ನು ಬರೆದವರು, ನಾವು ಬರೆಯಬೇಕಾದ್ದು

ಬ್ರೀಕ್ಸ್ ಬೆಟ್ಟದ ಜನರನ್ನು ಬರೆದ ಹಾಗೆ ನಮ್ಮನ್ನೂ ಬರೆದವರಿದ್ದಾರೆ. ಮದ್ರಾಸ್ ಮ್ಯೂಸಿಯಂನ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಏಳು ಸಂಪುಟ ಹೊರತಂದ. ಜನರನ್ನು ನಿಲ್ಲಿಸಿ ತಲೆ, ಮೂಗು ಅಳೆದವನು ಅವನು. ಅದರಲ್ಲಿ ಚಕ್ಕಿಲಿಯರ ಬಗ್ಗೆ, ಅಂದರೆ ನಮ್ಮ ಬಗ್ಗೆ, ಇವರು ಚರ್ಮದ ಕೆಲಸದವರು, ತೆಲುಗು ಕನ್ನಡ ಸೀಮೆಯಿಂದ ಬಂದವರು ಅಂತ ಇದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನಮಗೆ ಆ ಮಾತು ಹೊಸದಲ್ಲ. ಆದರೆ ಅಲ್ಲಿ ಒಂದು ಜಾತಿ ಇದೆ, ಮನುಷ್ಯರಿಲ್ಲ. ಒಬ್ಬ ತಾತನ ಹೆಸರಿಲ್ಲ, ಒಬ್ಬ ಅವ್ವನ ಹೆಸರಿಲ್ಲ.

ಈ ಒಣ ಸೀಮೆಯಲ್ಲಿ ಮೋಟಾರು ಬರುವ ಮೊದಲು ಬಾವಿಯಿಂದ ನೀರು ಮೇಲೆ ಬಂದದ್ದು ಕಪಿಲೆಯಿಂದ. ಎತ್ತು ಹಿಂದೆ ಮುಂದೆ ನಡೆದರೆ ಚರ್ಮದ ಚೀಲ ಬಾವಿಯಲ್ಲಿ ಇಳಿದು ತುಂಬಿ ಮೇಲೆ ಬರುತ್ತದೆ. ಆ ಚೀಲ ಹೊಲಿದವರು, ಹರಿದಾಗ ತೇಪೆ ಹಾಕಿದವರು ನಮ್ಮವರು. ಕೊಂಗುನಾಡಿನ ಬೆಳೆಯ ಹಿಂದೆ ಗೌಂಡರ ಬಾವಿ ಇತ್ತು ಅಂತ ಎಲ್ಲರೂ ಹೇಳುತ್ತಾರೆ. ಆ ಬಾವಿಯ ನೀರನ್ನು ಮೇಲಕ್ಕೆ ತಂದ ಚೀಲದ ಹಿಂದೆ ನಮ್ಮ ತಾತಂದಿರ ಸೂಜಿ ಇತ್ತು ಅಂತ ಯಾರು ಹೇಳಬೇಕು? ನಾವೇ ಹೇಳಬೇಕು.

ಹೆಸರಿನ ಹೋರಾಟ ನಮ್ಮಲ್ಲೂ ನಡೆದಿದೆ. ಬೈಗುಳವಾಗಿದ್ದ ಜಾತಿ ಹೆಸರಿನ ಬದಲು ಅರುಂಧತಿಯರ್ ಅಂತ ಕರೆಯಬೇಕು ಅಂತ 1920ರ ಸುಮಾರಿನಲ್ಲಿ ಸಂಘ ಕಟ್ಟಿ ದುಡಿದವರು ಎಲ್.ಸಿ. ಗುರುಸಾಮಿ ಮೊದಲಾದವರು. ನಮಗೆ ಹತ್ತಿರದ ಓಡಾನಿಲೈಯಲ್ಲಿ ಕೋಟೆ ಕಟ್ಟಿ ಇಂಗ್ಲಿಷರ ಮೇಲೆ ಯುದ್ಧ ಮಾಡಿದ ಧೀರನ್ ಚಿನ್ನಮಲೈ ಹೆಸರು ಗೊತ್ತಿಲ್ಲದವರಿಲ್ಲ. ಅವನ ಪಡೆಯಲ್ಲಿದ್ದ ನಮ್ಮ ಪೊಲ್ಲಾನ್ ಹೆಸರನ್ನು ನಮ್ಮ ಜನ ಬಾಯಿ ಮಾತಿನಲ್ಲೇ ಇನ್ನೂರು ವರ್ಷ ಕಾಪಾಡಿದರು, ಮತ್ತೆ ಮತ್ತೆ ಕೇಳಿದರು. ಕೊನೆಗೆ ಈರೋಡು ಜಿಲ್ಲೆಯ ಜಯರಾಮಪುರದಲ್ಲಿ ಸರ್ಕಾರ ಸ್ಮಾರಕ ಕಟ್ಟಿತು. ಬಾಯಿಯಲ್ಲಿ ಉಳಿದದ್ದು ಕಲ್ಲಿಗೂ ಬರುತ್ತದೆ, ಆದರೆ ಕೇಳುವವರು ಬೇಕು.

ಈಗ ನಮ್ಮ ಬೀದಿ

ಇಷ್ಟೆಲ್ಲ ಹೇಳಿದ್ದು ಯಾಕೆ ಅಂದರೆ, 2025ರ ಏಪ್ರಿಲಿನಲ್ಲಿ ಮುಖ್ಯಮಂತ್ರಿಗಳು ವಿಧಾನಸಭೆಯಲ್ಲಿ ಒಂದು ಮಾತು ಹೇಳಿದರು. 'ಕಾಲನಿ' ಅನ್ನೋ ಪದ ಅಸ್ಪೃಶ್ಯತೆಯ ಗುರುತಾಗಿಬಿಟ್ಟಿದೆ, ಅದನ್ನು ಸರ್ಕಾರಿ ದಾಖಲೆಗಳಿಂದ ತೆಗೆಯುತ್ತೇವೆ ಅಂತ. ಅದೇ ವರ್ಷ ಅಕ್ಟೋಬರಿನಲ್ಲಿ ಬೀದಿ, ರಸ್ತೆ, ಕೆರೆಗಳ ಜಾತಿ ಹೆಸರು ತೆಗೆಯಲು ಆದೇಶವೂ ಬಂತು. ಕಾಲನಿ ಅನ್ನೋ ಪದ ನಮಗೆಷ್ಟು ಭಾರ ಅನ್ನೋದು ನಿಮಗೆ ಗೊತ್ತು. 'ಎಲ್ಲಿಂದ ಬರ್ತೀಯಾ?' 'ಕಾಲನಿಯಿಂದ.' ಅಷ್ಟು ಹೇಳಿದರೆ ಸಾಕು, ಎದುರಿಗಿದ್ದವರ ಮುಖ ಬದಲಾಗುತ್ತದೆ. ಅದೇ ಕೊಯಮತ್ತೂರಿನಲ್ಲಿ ಶ್ರೀಮಂತರು ಇರುವ ಜಾಗಕ್ಕೂ ಕಾಲನಿ ಅಂತಾರೆ, ಅಲ್ಲಿ ಅದು ಬಾಡಿಗೆ ಹೆಚ್ಚಿಸುವ ಪದ! ಪದದಲ್ಲಿ ದೋಷ ಇಲ್ಲ, ನೋಡುವ ಕಣ್ಣಿನಲ್ಲಿದೆ.

ಹಳೆಯ ಹೆಸರು ಹೋಗಲಿ, ಸಂತೋಷ. ಆದರೆ ಆ ಖಾಲಿ ಜಾಗದಲ್ಲಿ ಏನು ಬರಬೇಕು? ನಾವು ಸುಮ್ಮನಿದ್ದರೆ ಯಾರೋ ಒಬ್ಬರು ಮೇಜಿನ ಮುಂದೆ ಕೂತು ಒಂದು ಹೂವಿನ ಹೆಸರು ಬರೆದುಬಿಡಬಹುದು. ಹೂವಿನ ಮೇಲೆ ನಮಗೆ ಕೋಪ ಇಲ್ಲ. ಆದರೆ ಮೊದಲು ಬೇರೆಯವರು ನಮಗೆ ಕೆಟ್ಟ ಹೆಸರಿಟ್ಟರು, ಈಗ ಬೇರೆಯವರೇ ಒಳ್ಳೆ ಹೆಸರಿಟ್ಟರು ಅಂದರೆ, ಇಡುವ ಕೈ ಬದಲಾಗಲಿಲ್ಲವಲ್ಲ.

'ಅಂಬೇಡ್ಕರ್ ನಗರ ಅಂತ ಇಟ್ಟರೆ ಆಯಿತಲ್ಲ' ಅಂತ ಕೆಲವು ಅಣ್ಣಂದಿರು ಹೇಳುತ್ತಾರೆ. ಖಂಡಿತ ಇಡೋಣ. ಬಾಬಾಸಾಹೇಬರ ಹೆಸರಿಲ್ಲದೆ ನಮಗೆ ಬೀದಿಯೇ ಇಲ್ಲ. ಆದರೆ ಒಂದು ಬೀದಿಯಲ್ಲಿ ಒಂದೇ ಹೆಸರಿಗೆ ಮಾತ್ರ ಜಾಗ ಇರೋದಲ್ಲ. ಒಳಗಿನ ಗಲ್ಲಿಗಳಿವೆ, ಸಮುದಾಯ ಭವನ ಇದೆ, ಸಂಘದ ಓದುವ ಕೋಣೆ ಇದೆ, ನೀರಿನ ಟ್ಯಾಂಕ್ ಇದೆ. ಅವುಗಳಿಗೆ ನಮ್ಮದೇ ಜನರ ಹೆಸರು ಇರಲಿ ಅಂತ ನನ್ನ ಆಸೆ.

ಅದಕ್ಕೆ ಮೊದಲ ಕೆಲಸ ಬೋರ್ಡು ಬರೆಸೋದಲ್ಲ, ನೋಟ್‌ಬುಕ್ ತೆಗೆಯೋದು. ಬ್ರೀಕ್ಸ್ ಮಾಡಿದ ಕೆಲಸವನ್ನೇ ನಾವು ಮಾಡೋಣ, ಆದರೆ ಒಳಗಿನವರಾಗಿ ಮಾಡೋಣ. ಸಂಘದ ಪ್ರತಿ ತಮ್ಮ, ಪ್ರತಿ ತಂಗಿ ಒಬ್ಬೊಬ್ಬ ಹಿರಿಯರ ಹತ್ತಿರ ಒಂದು ಸಂಜೆ ಕೂತುಕೊಳ್ಳಿ. ಫೋನಿನಲ್ಲಿ ರೆಕಾರ್ಡ್ ಮಾಡಿ. ನಮ್ಮ ಬೀದಿಯಲ್ಲಿ ಮೊದಲ ಬಾವಿ ತೋಡಿದವರು ಯಾರು? ಈ ಜಾಗದಲ್ಲಿ ಮೊದಲು ಗುಡಿಸಲು ಹಾಕಿದವರು ಯಾರು? ಟೀ ಅಂಗಡಿಯಲ್ಲಿ ಬೇರೆ ಲೋಟ ಬೇಡ ಅಂತ ಮೊದಲು ಹೇಳಿದವರು ಯಾರು? ಮೊದಲು ಹತ್ತನೇ ಕ್ಲಾಸು ಪಾಸಾದವರು, ಮೊದಲು ಕಾಲೇಜಿಗೆ ಹೋದ ಹುಡುಗಿ ಯಾರು? ಮನೆ ಮನೆಗೆ ಹೋಗಿ ಹೆರಿಗೆ ಮಾಡಿಸಿದ ಅವ್ವ ಯಾರು? ಹೆಂಗಸರ ಹೆಸರು ಬಿಟ್ಟುಬಿಡಬೇಡಿ. ಸೂಸನ್ನಳಿಗೆ ಆದದ್ದು ನಮ್ಮ ಅವ್ವಂದಿರಿಗೆ ಆಗೋದು ಬೇಡ.

ಆಮೇಲೆ ಆ ಹೆಸರುಗಳನ್ನು ಬೀದಿಯವರೆಲ್ಲ ಸೇರಿ ಒಂದು ಸಭೆಯಲ್ಲಿ ಓದೋಣ, ಒಪ್ಪಿದ್ದನ್ನು ನಿರ್ಣಯ ಮಾಡಿ ವಾರ್ಡ್ ಸಭೆಗೆ ಬರವಣಿಗೆಯಲ್ಲಿ ಕೊಡೋಣ. ಊಟಿಯಲ್ಲಿ 1891ರಲ್ಲಿ ನಮ್ಮ ಹಿರಿಯರು ಮಾಡಿದ್ದೂ ಅದನ್ನೇ: ಸೇರಿದರು, ತೀರ್ಮಾನಿಸಿದರು, ಬರೆದು ಕಳಿಸಿದರು. ಅವರಿಗೆ ಬೆಟ್ಟದ ಚಳಿ, ಎತ್ತಿನ ಗಾಡಿ, ಕೈಬರಹ. ನಮಗೆ ಫೋನ್ ಇದೆ, ಸಂಘ ಇದೆ, ಓದು ಇದೆ.

ಮುಂದಿನ ವರ್ಷದ ಮಲರಿನಲ್ಲಿ ನನ್ನ ಒಬ್ಬಳ ಲೇಖನ ಬೇಡ. ನೀವೆಲ್ಲ ಬರೆದು ತಂದ ಹೆಸರುಗಳ ಪಟ್ಟಿ ಬರಲಿ. ನೋಟ್‌ಬುಕ್ ಸಂಘದ ಕಪಾಟಿನಲ್ಲಿ ಇಟ್ಟಿದ್ದೇನೆ, ಮೊದಲ ಪುಟ ಖಾಲಿ ಇದೆ.

ಜೈ ಭೀಮ್.